ಮೈ ಸುಸ್ತು, ಕಣ್ಣು ಪಿಳಿಪಿಳಿ: ಒತ್ತಡ ನಿದ್ದೆ ಕೆಡಿಸುವುದು ಹೇಗೆ, ಅದನ್ನು ಮರಳಿ ಪಡೆಯುವುದು ಹೇಗೆ

ರಾತ್ರಿ 9:30. ಸೋಫಾ ಮೇಲೆ ಕೂತಲ್ಲೇ ತೂಕಡಿಕೆ. ಕೈಯಲ್ಲಿದ್ದ ಪುಸ್ತಕ ಜಾರಿ ಬೀಳುತ್ತದೆ. ಸರಿ, ಮಲಗೋಣ ಅಂತ ಎದ್ದು, ದೀಪ ಆರಿಸಿ, ಹಾಸಿಗೆಗೆ ಬೆನ್ನು ತಾಗಿಸುತ್ತೀರಿ. ತಾಗಿಸಿದ ಐದೇ ನಿಮಿಷಕ್ಕೆ ಬಂದ ನಿದ್ದೆ ಎಲ್ಲೋ ಹಾರಿಹೋಗುತ್ತದೆ. ನಾಳೆಯ ಮೀಟಿಂಗ್, ಕಟ್ಟಬೇಕಾದ ಕಂತು, ಮಧ್ಯಾಹ್ನ ಯಾರೋ ಆಡಿದ ಒಂದು ಮಾತು. ಎಲ್ಲ ಒಂದೊಂದಾಗಿ ಬಂದು ತಲೆಯಲ್ಲಿ ಕೂರುತ್ತವೆ. ಮಗ್ಗುಲು ಬದಲಿಸುತ್ತೀರಿ. ದಿಂಬು ತಿರುಗಿಸಿ ಹಾಕುತ್ತೀರಿ. ಕೊನೆಗೆ ಮೊಬೈಲ್ ಎತ್ತಿ ನೋಡಿದರೆ 1:40. ಆಮೇಲೆ ಶುರುವಾಗುತ್ತದೆ ಲೆಕ್ಕ. ಈಗಲೇ ನಿದ್ದೆ ಬಂದರೆ ನಾಲ್ಕೂಮುಕ್ಕಾಲು ಗಂಟೆ. ಎರಡೂವರೆಗೆ ಬಂದರೆ ನಾಲ್ಕು...

ಈ ಲೆಕ್ಕವನ್ನು ನಾನು ತಿಂಗಳುಗಟ್ಟಲೆ ಹಾಕಿದ್ದೇನೆ. ಹಾಗಾಗಿ "ಟೆನ್ಶನ್ ಮಾಡ್ಕೋಬೇಡಿ, ನಿದ್ದೆ ತಾನಾಗೇ ಬರುತ್ತೆ" ಅಂತ ಯಾರಾದರೂ ಹೇಳಿದಾಗ ಎಷ್ಟು ಸಂಕಟ ಆಗುತ್ತದೆ ಅಂತ ಬಲ್ಲೆ. ಟೆನ್ಶನ್ ಅನ್ನು ಯಾರಾದರೂ ಬೇಕು ಅಂತ ಮಾಡಿಕೊಳ್ಳುತ್ತಾರಾ? ನನಗೆ ಆಸರೆಯಾದದ್ದು ಆ ಹೊತ್ತಿನಲ್ಲಿ ಮೈಯೊಳಗೆ ಏನು ನಡೆಯುತ್ತಿದೆ ಅನ್ನುವ ತಿಳಿವಳಿಕೆ. ಅದು ಒಮ್ಮೆ ಅರ್ಥವಾದರೆ ಏನು ಮಾಡಬೇಕು ಅನ್ನುವುದೂ ಅರ್ಥವಾಗುತ್ತದೆ. ನಿದ್ದೆಗೆಟ್ಟಾಗ ನಾವು ಸಹಜವಾಗಿ ಮಾಡುವ ಎಷ್ಟೋ ಕೆಲಸಗಳು ಉಲ್ಟಾ ಪರಿಣಾಮ ಕೊಡುತ್ತವೆ ಅನ್ನುವುದೂ ಆಗಲೇ ಗೊತ್ತಾಗುವುದು.

ನಮ್ಮ ಮಾತಿನಲ್ಲೇ ಒಂದು ಸುಳಿವಿದೆ. ನಿದ್ದೆ ಬಂತು, ನಿದ್ದೆ ಹತ್ತಿತು, ನಿದ್ದೆ ಹಾರಿಹೋಯಿತು ಅನ್ನುತ್ತೇವೆ. ಬರುವುದೂ ಹೋಗುವುದೂ ಅದರ ಇಷ್ಟ. ಅದಕ್ಕೆ ಜಾಗ ಮಾಡಿಕೊಡಬಹುದು ಅಷ್ಟೇ. ಕೈಹಿಡಿದು ಎಳೆಯಲು ಹೋದರೆ ಇನ್ನೂ ದೂರ ಸರಿಯುತ್ತದೆ.

ನಿದ್ದೆಯ ಹಸಿವು, ನಿದ್ದೆಯ ಗಡಿಯಾರ

1982ರಲ್ಲಿ ಅಲೆಕ್ಸಾಂಡರ್ ಬೊರ್ಬೆಲಿ ಎಂಬ ವಿಜ್ಞಾನಿ ನಿದ್ದೆಯನ್ನು ವಿವರಿಸಲು ಒಂದು ಸರಳ ಮಾದರಿ ಕೊಟ್ಟರು. ಇವತ್ತಿಗೂ ನಿದ್ದೆಯ ಬಗ್ಗೆ ಮಾತು ಶುರುವಾಗುವುದು ಅಲ್ಲಿಂದಲೇ. ಅದರ ಪ್ರಕಾರ ನಿದ್ದೆ ಬರಲು ಎರಡು ಸಂಗತಿಗಳು ಒಟ್ಟಿಗೆ ಕೂಡಿಬರಬೇಕು.

ಮೊದಲನೆಯದು ನಿದ್ದೆಯ ಹಸಿವು. ಬೆಳಿಗ್ಗೆ ಎದ್ದ ಗಳಿಗೆಯಿಂದಲೇ ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಸ್ವಲ್ಪ ಸ್ವಲ್ಪವೇ ಸೇರುತ್ತಾ ಹೋಗುತ್ತದೆ. ಎಚ್ಚರವಾಗಿದ್ದಷ್ಟೂ ಜಾಸ್ತಿ. ರಾತ್ರಿಯ ಹೊತ್ತಿಗೆ ಅದು ಕಣ್ಣು ಎಳೆಯುವಷ್ಟು ತುಂಬಿರುತ್ತದೆ. ಮಲಗಿದ ಮೇಲೆ ನಿಧಾನವಾಗಿ ಕರಗುತ್ತದೆ. "ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು" ಅನ್ನುವ ಗಾದೆ ಹೇಳುವುದು ಈ ಹಸಿವನ್ನೇ. ಸಾಕಷ್ಟು ಹಸಿದಿದ್ದರೆ ಚಾಪೆ ಆದರೂ ಸರಿ, ಕುರ್ಚಿ ಆದರೂ ಸರಿ. ಕೆಫೀನ್ ಮಾಡುವ ಕೆಲಸ ಏನೆಂದರೆ, ಅಡೆನೋಸಿನ್ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುವುದು. ಹಸಿವು ಹಾಗೇ ಇರುತ್ತದೆ, ನಮಗೆ ಗೊತ್ತಾಗುವುದಿಲ್ಲ. ಸಂಜೆ 5ಕ್ಕೆ ಕುಡಿದ ಕಾಫಿಯ ಕೆಫೀನ್‌ನಲ್ಲಿ ಸುಮಾರು ಅರ್ಧದಷ್ಟು ರಾತ್ರಿ 10ಕ್ಕೂ ಮೈಯಲ್ಲಿರುತ್ತದೆ. ಕೆಲವರಲ್ಲಿ ಇನ್ನೂ ಜಾಸ್ತಿ ಹೊತ್ತು ಉಳಿಯುತ್ತದೆ.

ಎರಡನೆಯದು ಗಡಿಯಾರ. ಮಿದುಳಿನ ತಳದಲ್ಲಿ ಹೈಪೋಥಲಾಮಸ್ ಎಂಬ ಭಾಗವಿದೆ. ಅದರೊಳಗಿನ ಒಂದು ಪುಟ್ಟ ನರಕೋಶಗಳ ಗುಂಪು ಹಗಲು ರಾತ್ರಿಯ ಲೆಕ್ಕ ಇಡುತ್ತದೆ. ಕಣ್ಣಿಗೆ ಬೀಳುವ ಬೆಳಕನ್ನು ನೋಡಿ ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಕತ್ತಲಾದ ಮೇಲೆ, ರಾತ್ರಿಯಾಯಿತು ಅಂತ ಮೈಗೆ ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನ್ ಹೊರಡಿಸಲು ಸೂಚನೆ ಕೊಡುತ್ತದೆ, ಮೈಯ ಒಳಗಿನ ಬಿಸಿ ಸ್ವಲ್ಪ ಇಳಿಯುತ್ತದೆ, ಎದೆಬಡಿತ ನಿಧಾನವಾಗುತ್ತದೆ.

ಹಸಿವೂ ಇದೆ, ಗಡಿಯಾರವೂ ಹೊತ್ತಾಯಿತು ಅನ್ನುತ್ತಿದೆ. ಆದರೂ ನಿದ್ದೆ ಇಲ್ಲ ಅಂದರೆ ಮೂರನೆಯದು ಯಾವುದೋ ಅಡ್ಡ ನಿಂತಿದೆ ಅಂತ ಅರ್ಥ.

ಒಳಗಿನ ಕಾವಲುಗಾರ

ಅಡ್ಡ ನಿಲ್ಲುವುದು ಮೈಯ ಎಚ್ಚರಿಕೆ ವ್ಯವಸ್ಥೆ. ಅಪಾಯ ಎದುರಾದಾಗ ಮೈ ಒಂದೋ ಹೋರಾಡಲು, ಇಲ್ಲವೇ ಓಡಲು ಸಜ್ಜಾಗುತ್ತದೆ ಅಂತ ವಾಲ್ಟರ್ ಕ್ಯಾನನ್ ಎಂಬ ಶರೀರವಿಜ್ಞಾನಿ 1915ರಲ್ಲಿ ಬರೆದರು. ಒತ್ತಡ ಯಾವ ಬಗೆಯದೇ ಇರಲಿ, ಮೈ ಅದಕ್ಕೆ ಹೆಚ್ಚುಕಡಿಮೆ ಒಂದೇ ರೀತಿ ಸ್ಪಂದಿಸುತ್ತದೆ ಅಂತ 1936ರಲ್ಲಿ ಹಾನ್ಸ್ ಸೆಲ್ಯೆ ಹೇಳಿದರು. ಇದನ್ನು ನಾನು ಒಬ್ಬ ಕಾವಲುಗಾರ ಅಂತ ಕಲ್ಪಿಸಿಕೊಳ್ಳುತ್ತೇನೆ. ಅವನಿಗೆ ಗೊತ್ತಿರುವುದು ಒಂದೇ ಪ್ರಶ್ನೆ. ಈಗ, ಇಲ್ಲಿ, ಕಣ್ಣು ಮುಚ್ಚಬಹುದಾ?

ಅವನ ಬಳಿ ಎರಡು ದಾರಿಗಳಿವೆ. ಒಂದು ತಕ್ಷಣದ್ದು. ನರಗಳ ಮೂಲಕ ಸುದ್ದಿ ಹೋಗಿ ಅಡ್ರಿನಲಿನ್ ಸುರಿಯುತ್ತದೆ, ಸೆಕೆಂಡುಗಳಲ್ಲಿ ಎದೆ ಡವಡವ ಅನ್ನುತ್ತದೆ, ಸ್ನಾಯು ಬಿಗಿಯುತ್ತದೆ, ಉಸಿರು ಮೇಲಕ್ಕೆ ಬರುತ್ತದೆ. ಇನ್ನೊಂದು ನಿಧಾನದ್ದು. ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಅದು ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗೆ ಹೇಳುತ್ತದೆ, ಅಲ್ಲಿಂದ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಹೊರಡುತ್ತದೆ. ಇದರ ಪರಿಣಾಮ ಗಂಟೆಗಟ್ಟಲೆ ಉಳಿಯುತ್ತದೆ. ಅಂದರೆ ಸಂಜೆ ಏಳಕ್ಕೆ ಆದ ಜಗಳ ಏಳೂವರೆಗೆ ಮುಗಿದಿರಬಹುದು. ಮೈಯೊಳಗೆ ಅದು ಇನ್ನೂ ಮುಗಿದಿರುವುದಿಲ್ಲ.

ನಿದ್ದೆಗೆ ಏನೇನು ಬೇಕೋ ಅದೆಲ್ಲದರ ವಿರುದ್ಧ ಈ ಪಟ್ಟಿ. ನಿದ್ದೆಗೆ ಎದೆಬಡಿತ ಇಳಿಯಬೇಕು, ಇಲ್ಲಿ ಏರುತ್ತದೆ. ಮೈ ಸಡಿಲವಾಗಬೇಕು, ಇಲ್ಲಿ ಬಿಗಿಯುತ್ತದೆ. ಗಮನ ಚದುರಿ ಮಸುಕಾಗಬೇಕು, ಇಲ್ಲಿ ಒಂದೇ ವಿಷಯಕ್ಕೆ ಚೂಪಾಗುತ್ತದೆ. ಇದು ಮೈಯ ದೋಷವಲ್ಲ ಅನ್ನುವುದನ್ನು ಒತ್ತಿ ಹೇಳಬೇಕು. ಅಪಾಯ ಹತ್ತಿರ ಇದ್ದಾಗ ಗಾಢವಾಗಿ ಮಲಗಿದ ಜೀವಿ ಬದುಕಿ ಉಳಿಯುತ್ತಿರಲಿಲ್ಲ. ನಿಮ್ಮ ಕಾವಲುಗಾರ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದಾನೆ. ಬಾಸ್ ಕಳಿಸಿದ ಮೆಸೇಜ್‌ಗೆ ರಾತ್ರಿಯೆಲ್ಲ ಕಾವಲು ಬೇಕಿಲ್ಲ ಅನ್ನುವುದು ಅವನಿಗೆ ತಿಳಿಯದು, ಅಷ್ಟೇ.

ತುಂಬಾ ಜನ ಕೇಳುವ ಒಂದು ಪ್ರಶ್ನೆ ಇದೆ. ನಿದ್ದೆ ಬರುತ್ತದೆ, ಆದರೆ ಬೆಳಗಿನ ಜಾವ ಮೂರೂವರೆ ನಾಲ್ಕಕ್ಕೆ ಎಚ್ಚರವಾಗಿ ಮತ್ತೆ ಬರುವುದೇ ಇಲ್ಲ, ಯಾಕೆ? ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ಗಾಢ ನಿದ್ದೆಯ ಬಹುಪಾಲು ರಾತ್ರಿಯ ಮೊದಲರ್ಧದಲ್ಲೇ ಮುಗಿಯುತ್ತದೆ. ಆಮೇಲಿನದು ಹಗುರ ನಿದ್ದೆ, ಕನಸಿನ ನಿದ್ದೆ. ಸುತ್ತು ಮುಗಿದಾಗ ಎಲ್ಲರಿಗೂ ಕ್ಷಣಕಾಲ ಎಚ್ಚರವಾಗುತ್ತದೆ, ನೆನಪಿರುವುದಿಲ್ಲ. ಜಾವದ ಹೊತ್ತಿಗೆ ನಿದ್ದೆಯ ಹಸಿವು ಬಹುತೇಕ ತೀರಿರುತ್ತದೆ. ನಡುರಾತ್ರಿಯಲ್ಲಿ ತೀರಾ ಕೆಳಗಿದ್ದ ಕಾರ್ಟಿಸಾಲ್ ಬೆಳಗಿನ ಕಡೆಗೆ ಏರಲು ಶುರುವಾಗಿರುತ್ತದೆ. ಒತ್ತಡದಲ್ಲಿರುವವರಿಗೆ ಆ ಸಣ್ಣ ಎಚ್ಚರವೇ ಸಾಕು, ಕಾವಲುಗಾರ ಎದ್ದು ಕೂರುತ್ತಾನೆ. ಆ ಹೊತ್ತಿನಲ್ಲಿ ಎಲ್ಲ ಸಮಸ್ಯೆಗಳೂ ಬೆಟ್ಟದಷ್ಟು ಕಾಣುತ್ತವೆ. ಬೆಳಿಗ್ಗೆ ಒಂಬತ್ತಕ್ಕೆ ಅದೇ ಸಮಸ್ಯೆ ಗುಡ್ಡದಷ್ಟೂ ಇರುವುದಿಲ್ಲ, ಅಲ್ವಾ? ಹಾಗಾಗಿ ರಾತ್ರಿ ಮೂರೂವರೆಗೆ ಬದುಕಿನ ಬಗ್ಗೆ ಯಾವ ತೀರ್ಮಾನವನ್ನೂ ತೆಗೆದುಕೊಳ್ಳಬಾರದು ಅಂತ ನಾನು ನಿಯಮ ಮಾಡಿಕೊಂಡಿದ್ದೇನೆ.

ನಿದ್ದೆ ಕೆಟ್ಟರೆ ಒತ್ತಡವೂ ಹೆಚ್ಚುತ್ತದೆ. 2007ರಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಸುಮಾರು 35 ಗಂಟೆ ನಿದ್ದೆ ಇಲ್ಲದೆ ಇದ್ದವರಿಗೆ ಮನಸ್ಸು ಕೆಡಿಸುವ ಚಿತ್ರಗಳನ್ನು ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿದರು. ಭಯ ಮತ್ತು ಆತಂಕಕ್ಕೆ ಸ್ಪಂದಿಸುವ ಅಮಿಗ್ಡಲಾ ಎಂಬ ಭಾಗ, ಸರಿಯಾಗಿ ಮಲಗಿದ್ದವರಿಗಿಂತ ಸುಮಾರು ಶೇ 60ರಷ್ಟು ಹೆಚ್ಚು ಕೆರಳಿತ್ತು. ಅದನ್ನು ಹಿಡಿತದಲ್ಲಿಡುವ ಮುಂಭಾಗದ ಮಿದುಳಿನ ಜೊತೆಗಿನ ಸಂಪರ್ಕವೂ ಸಡಿಲವಾಗಿತ್ತು. ನಿದ್ದೆಗೆಟ್ಟ ಮಾರನೇ ದಿನ ಸಣ್ಣ ಮಾತಿಗೂ ರೇಗುವುದು, ಕಣ್ಣು ತುಂಬುವುದು ಇದರಿಂದಲೇ.

ಒತ್ತಡ ಹೋದರೂ ನಿದ್ದೆ ಬರದಿರುವುದೇಕೆ

ನನ್ನ ಪ್ರಕಾರ ಇಡೀ ವಿಷಯದಲ್ಲಿ ಅತಿ ಮುಖ್ಯವಾದದ್ದು ಇದು. ಪರೀಕ್ಷೆ ಮುಗಿಯಿತು, ಸಾಲ ತೀರಿತು, ಮನೆಯವರ ಆರೋಗ್ಯ ಸುಧಾರಿಸಿತು. ಒತ್ತಡಕ್ಕೆ ಕಾರಣ ಇಲ್ಲ. ಆದರೂ ನಿದ್ದೆ ಮರಳಲಿಲ್ಲ. ಆಗ ಜನ ಹೆದರುತ್ತಾರೆ. ನನ್ನೊಳಗೆ ಏನೋ ಕೆಟ್ಟುಹೋಗಿದೆ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ.

ಆರ್ಥರ್ ಸ್ಪೀಲ್ಮನ್ ಎಂಬ ಮನೋವಿಜ್ಞಾನಿ 1980ರ ದಶಕದಲ್ಲಿ ಇದಕ್ಕೆ ಒಳ್ಳೆಯ ವಿವರಣೆ ಕೊಟ್ಟರು. ನಿದ್ರಾಹೀನತೆಗೆ ಮೂರು ಬಗೆಯ ಕಾರಣಗಳಿರುತ್ತವೆ. ಮೊದಲನೆಯದು ಹುಟ್ಟುಗುಣ. ಕೆಲವರ ಕಾವಲುಗಾರ ಸ್ವಭಾವತಃ ಚುರುಕು, ಒಂದು ಸಣ್ಣ ಸದ್ದಿಗೂ ಏಳುತ್ತಾನೆ. "ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಅನ್ನುತ್ತಾರಲ್ಲ, ಅದರಲ್ಲಿ ಚಿಂತೆಯ ಪಾಲಿನ ಜೊತೆಗೆ ಹುಟ್ಟಿನ ಪಾಲೂ ಇದೆ. ಒಂದೇ ಚಿಂತೆ ಇದ್ದರೂ ಒಬ್ಬರು ಮಲಗುತ್ತಾರೆ, ಇನ್ನೊಬ್ಬರಿಗೆ ಆಗುವುದಿಲ್ಲ. ಎರಡನೆಯದು ಶುರುಮಾಡುವ ಕಾರಣ. ಕೆಲಸ ಹೋಗಿದ್ದು, ಸಾವು, ಜಗಳ, ಮಗು ಹುಟ್ಟಿದ್ದು. ಮೂರನೆಯದು ಮುಂದುವರಿಸುವ ಕಾರಣ. ಇದು ನಾವು ನಿದ್ದೆಗೆಟ್ಟ ಮೇಲೆ ಮಾಡಿಕೊಳ್ಳುವ ಹೊಂದಾಣಿಕೆಗಳು.

ಯಾವ ಹೊಂದಾಣಿಕೆ? ನಿನ್ನೆ ನಿದ್ದೆ ಆಗಲಿಲ್ಲ ಅಂತ ಇವತ್ತು ಒಂಬತ್ತಕ್ಕೇ ಹಾಸಿಗೆ ಸೇರುವುದು. ರಜೆಯ ದಿನ ಹತ್ತರವರೆಗೆ ಮಲಗುವುದು. ಮಧ್ಯಾಹ್ನ ಎರಡು ಗಂಟೆ ನಿದ್ದೆ ಎಳೆಯುವುದು. ನಿದ್ದೆ ಬರದಿದ್ದರೂ "ಸುಮ್ನೆ ಕಣ್ಣು ಮುಚ್ಚಿಕೊಂಡಿರ್ತೀನಿ, ರೆಸ್ಟ್ ಆದ್ರೂ ಆಗತ್ತೆ" ಅಂತ ಗಂಟೆಗಟ್ಟಲೆ ಬಿದ್ದಿರುವುದು. ಒಂದೊಂದೂ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಬೇಗ ಮಲಗಿದರೆ ನಿದ್ದೆಯ ಹಸಿವು ಇನ್ನೂ ತುಂಬಿರುವುದಿಲ್ಲ. ತಡವಾಗಿ ಎದ್ದರೆ ಗಡಿಯಾರ ಹಿಂದೆ ಬೀಳುತ್ತದೆ. ಮಧ್ಯಾಹ್ನದ ನಿದ್ದೆ ರಾತ್ರಿಯ ಹಸಿವನ್ನು ತಿಂದುಬಿಡುತ್ತದೆ. ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು. ಎಚ್ಚರವಾಗಿ, ಚಡಪಡಿಸುತ್ತಾ, ಹಾಸಿಗೆಯಲ್ಲಿ ಕಳೆದ ಪ್ರತಿ ಗಂಟೆಯೂ ಮಿದುಳಿಗೆ ಒಂದು ಪಾಠ ಕಲಿಸುತ್ತದೆ. ಹಾಸಿಗೆ ಅಂದರೆ ಚಡಪಡಿಸುವ ಜಾಗ ಅಂತ.

ಈಗ ಸೋಫಾದ ಒಗಟು ಬಿಡಿಸಬಹುದು. ಸೋಫಾ ಮೇಲೆ ಮಲಗಲೇಬೇಕು ಅನ್ನುವ ಒತ್ತಾಯ ಇಲ್ಲ. ಅಲ್ಲಿ ಕಾವಲುಗಾರನಿಗೆ ಕೆಲಸವಿಲ್ಲ, ಹಾಗಾಗಿ ತೂಕಡಿಕೆ. ಹಾಸಿಗೆಗೆ ಹೋದ ಕೂಡಲೇ ಹಿಂದಿನ ನೂರು ರಾತ್ರಿಗಳ ನೆನಪು ಅವನನ್ನು ಎಬ್ಬಿಸುತ್ತದೆ. ಈಗ ಅವನು ಹೆದರುತ್ತಿರುವುದು ನಿದ್ದೆ ಬರುವುದಿಲ್ಲವೇನೋ ಅನ್ನುವುದಕ್ಕೇ. ಹೊಸ ಊರಿಗೆ ಹೋದಾಗ, ಬೇರೆಯವರ ಮನೆಯಲ್ಲಿ ಮಲಗಿದಾಗ ಕೆಲವರಿಗೆ ಚೆನ್ನಾಗಿ ನಿದ್ದೆ ಬರುತ್ತದೆ. ಅದಕ್ಕೂ ಇದೇ ಕಾರಣ. ಆ ಹಾಸಿಗೆಗೆ ಹಳೆಯ ನೆನಪುಗಳಿಲ್ಲ.

ಹಾಸಿಗೆಯನ್ನು ಮತ್ತೆ ನಿದ್ದೆಗೆ ಒಪ್ಪಿಸುವುದು

ಕಲಿತ ಪಾಠವನ್ನು ಮರೆಸಬಹುದು ಅನ್ನುವುದೇ ಇಲ್ಲಿ ಸಮಾಧಾನ. 1972ರಲ್ಲಿ ರಿಚರ್ಡ್ ಬೂಟ್ಜಿನ್ ಎಂಬವರು ಸೂಚಿಸಿದ ವಿಧಾನ ಇದು. ಹೇಳಲು ಸುಲಭ, ಪಾಲಿಸಲು ಕಷ್ಟ. ನಿದ್ದೆ ಎಳೆಯುತ್ತಿದ್ದರೆ ಮಾತ್ರ ಹಾಸಿಗೆಗೆ ಹೋಗಬೇಕು. ಸುಸ್ತು ಬೇರೆ, ನಿದ್ದೆ ಎಳೆಯುವುದು ಬೇರೆ, ಇದನ್ನು ಗುರುತಿಸಲು ಕಲಿಯಬೇಕು. ಹೋಗಿ ಸುಮಾರು 20 ನಿಮಿಷ ಆಯಿತು ಅನ್ನಿಸಿದರೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಬೇಕು. ಗಡಿಯಾರ ನೋಡಿ ಅಳೆಯುವುದು ಬೇಡ, ಅಂದಾಜು ಸಾಕು. ಮಂದ ಬೆಳಕಿನಲ್ಲಿ ಏನಾದರೂ ಸಪ್ಪೆ ಕೆಲಸ ಮಾಡಬೇಕು. ಕಣ್ಣು ಎಳೆದಾಗ ಮಾತ್ರ ವಾಪಸ್. ಮತ್ತೆ ಬರಲಿಲ್ಲವಾ? ಮತ್ತೆ ಏಳಬೇಕು. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಅದೇ ಹೊತ್ತಿಗೆ ಏಳಬೇಕು.

ಬೇರೆ ಕೋಣೆಯಲ್ಲಿ ನಾನು ಮಾಡುತ್ತಿದ್ದದ್ದು ಒಗೆದ ಬಟ್ಟೆ ಮಡಿಸುವುದು. ಒಂದು ಟವೆಲ್, ಅಂಚಿಗೆ ಅಂಚು ಸೇರಿಸಿ ಮಧ್ಯಕ್ಕೆ ಒಂದು ಮಡಿಕೆ, ಮತ್ತೊಂದು ಮಡಿಕೆ, ಅಂಗೈಯಲ್ಲಿ ಸವರಿ ಪಕ್ಕಕ್ಕೆ. ಆಮೇಲೆ ಅಂಗಿ. ಕಾಲುಚೀಲಗಳಿಗೆ ಜೋಡಿ ಹುಡುಕುವುದು. ಮೊದಲ ವಾರ ಬುಟ್ಟಿ ಪೂರ್ತಿ ಮಡಿಸಿ ಮುಗಿದರೂ ನಿದ್ದೆ ಬರಲಿಲ್ಲ. ಎರಡನೇ ವಾರದ ಕೊನೆಗೆ ಅರ್ಧ ಬುಟ್ಟಿಗೇ ಆಕಳಿಕೆ. ಒಂದು ರಾತ್ರಿ ಒಂದು ಕಾಲುಚೀಲ ಕೈಯಲ್ಲಿ ಹಿಡಿದುಕೊಂಡೇ ತಲೆ ವಾಲಿತ್ತು. ಅವತ್ತು ಆದ ಖುಷಿ ಇನ್ನೂ ನೆನಪಿದೆ.

ಇದರ ಜೊತೆಗೆ ಹೋಗುವ ಇನ್ನೊಂದು ವಿಧಾನ ಸ್ಪೀಲ್ಮನ್ ರೂಪಿಸಿದ್ದು. ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನೇ ಕಡಿಮೆ ಮಾಡುವುದು. ಕೇಳಲು ವಿಚಿತ್ರ. ಒಂದು ಉದಾಹರಣೆ ನೋಡಿ. ನೀವು ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ, ಅಂದರೆ 9 ಗಂಟೆ ಹಾಸಿಗೆಯಲ್ಲಿದ್ದೀರಿ. ನಿದ್ದೆ ಆಗುವುದು 6 ಗಂಟೆ. ಉಳಿದ 3 ಗಂಟೆ ಒದ್ದಾಟ. ಹಾಗಿದ್ದರೆ ಕೆಲವು ವಾರ ರಾತ್ರಿ 12:30ಕ್ಕೆ ಮಲಗಿ 6:30ಕ್ಕೆ ಏಳಿ ಅನ್ನುತ್ತಾರೆ. ನಿದ್ದೆಯ ಹಸಿವು ಗಟ್ಟಿಯಾಗುತ್ತದೆ, ಒದ್ದಾಟ ಕರಗುತ್ತದೆ, ಚೂರುಚೂರಾಗಿದ್ದ ನಿದ್ದೆ ಒಂದೇ ತುಂಡಾಗುತ್ತದೆ. ಹಾಸಿಗೆಯಲ್ಲಿರುವ ಹೊತ್ತಿನ ಶೇ 85ಕ್ಕಿಂತ ಹೆಚ್ಚು ಭಾಗ ನಿದ್ದೆಯಲ್ಲೇ ಕಳೆಯತೊಡಗಿದಾಗ ಅವಧಿಯನ್ನು 15 ನಿಮಿಷ ಹೆಚ್ಚಿಸುತ್ತಾ ಹೋಗುತ್ತಾರೆ. ಅವಧಿಯನ್ನು 5 ಗಂಟೆಗಿಂತ ಕೆಳಗೆ ಇಳಿಸುವುದಿಲ್ಲ. ಮೂರ್ಛೆರೋಗ ಅಥವಾ ಬೈಪೋಲಾರ್ ಸಮಸ್ಯೆ ಇರುವವರು, ವಾಹನ ಓಡಿಸುವ ಕೆಲಸದವರು ದಯವಿಟ್ಟು ಇದನ್ನು ತಾವೇ ಪ್ರಯೋಗ ಮಾಡಬಾರದು. ಮೊದಲ ದಿನಗಳಲ್ಲಿ ಹಗಲು ತೂಕಡಿಕೆ ಜಾಸ್ತಿಯಾಗುತ್ತದೆ, ಅದು ಅಪಾಯ. ತಿಳಿದವರ ಜೊತೆ ಮಾಡುವುದು ಒಳ್ಳೆಯದು.

ಚಿಂತೆಗೆ ಬೇರೆ ಹೊತ್ತು ಕೊಡಿ

ಚಿಂತೆ ಮಾಡಬೇಡ ಅಂತ ಮನಸ್ಸಿಗೆ ಹೇಳಿದರೆ ಕೇಳುವುದಿಲ್ಲ. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನೋವಿಜ್ಞಾನಿ ಒಂದು ಪ್ರಯೋಗ ಮಾಡಿದರು. ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಅಂತ ಜನರಿಗೆ ಹೇಳಿದರು. ಗಂಟೆ ಮತ್ತೆ ಮತ್ತೆ ಬಾರಿಸುತ್ತಲೇ ಇತ್ತು. ಆಮೇಲೆ ಯೋಚಿಸಬಹುದು ಅಂದಾಗ, ಮೊದಲಿನಿಂದಲೇ ಯೋಚಿಸಲು ಬಿಟ್ಟಿದ್ದವರಿಗಿಂತ ಇವರಿಗೇ ಕರಡಿ ಜಾಸ್ತಿ ಕಾಡಿತು. ಹಾಸಿಗೆಯಲ್ಲಿ "ಆ ವಿಷಯ ಬೇಡ, ಬೇಡ" ಅನ್ನುವುದೂ ಇದೇ ಕರಡಿಯ ಕಥೆ.

ಹಾಗಾದರೆ ಏನು ಮಾಡುವುದು? ಚಿಂತೆಯನ್ನು ತಡೆಯುವ ಬದಲು ಅದರ ಹೊತ್ತನ್ನು ಬದಲಿಸುವುದು. ಸಂಜೆ, ಮಲಗುವುದಕ್ಕೆ ಕೆಲವು ಗಂಟೆ ಮೊದಲು, 15-20 ನಿಮಿಷ ಕಾಗದ ಪೆನ್ನು ಹಿಡಿದು ಕೂರಿ. ಕಾಡುತ್ತಿರುವುದನ್ನೆಲ್ಲ ಬರೆಯಿರಿ. ಪ್ರತಿಯೊಂದರ ಎದುರು ಮುಂದಿನ ಒಂದೇ ಒಂದು ಹೆಜ್ಜೆ ಬರೆಯಿರಿ. "ದುಡ್ಡಿನ ಚಿಂತೆ" ಅಂತ ಬರೆದರೆ ಪ್ರಯೋಜನವಿಲ್ಲ. "ನಾಳೆ 11ಕ್ಕೆ ಬ್ಯಾಂಕಿಗೆ ಫೋನ್ ಮಾಡಿ ಕಂತಿನ ದಿನ ಮುಂದೂಡಬಹುದಾ ಅಂತ ಕೇಳುವುದು" ಅಂತ ಬರೆದರೆ ಆ ಚಿಂತೆಗೆ ಒಂದು ಜಾಗ ಸಿಕ್ಕಿತು. ಪರಿಹಾರವೇ ಇಲ್ಲದ್ದಾದರೆ "ಇದಕ್ಕೆ ಇವತ್ತು ನಾನು ಮಾಡಬಹುದಾದ್ದು ಏನೂ ಇಲ್ಲ" ಅಂತಲೇ ಬರೆಯಿರಿ. ಅದನ್ನು ಕೈಯಾರೆ ಬರೆಯುವುದರಲ್ಲೂ ಒಂದು ನೆಮ್ಮದಿ ಇದೆ. ರಾತ್ರಿ ಅದೇ ಯೋಚನೆ ಬಂದಾಗ, ಇದನ್ನು ಬರೆದಾಗಿದೆ, ನಾಳೆ ಸಂಜೆ ಮತ್ತೆ ನೋಡೋಣ ಅನ್ನಬಹುದು. ಮೊದಲ ಕೆಲವು ದಿನ ಮನಸ್ಸು ಒಪ್ಪುವುದಿಲ್ಲ. ಸಂಜೆಯ ಹೊತ್ತು ಖಂಡಿತ ಸಿಗುತ್ತದೆ ಅಂತ ಅದಕ್ಕೆ ನಂಬಿಕೆ ಬಂದ ಮೇಲೆ ಒಪ್ಪುತ್ತದೆ.

ಬರೆಯುವುದರ ಬಗ್ಗೆ 2018ರಲ್ಲಿ ಒಂದು ಚೆಂದದ ಅಧ್ಯಯನ ಪ್ರಕಟವಾಯಿತು. 57 ಯುವಜನರನ್ನು ನಿದ್ದೆಯ ಪ್ರಯೋಗಾಲಯದಲ್ಲಿ ಮಲಗಿಸಿದರು. ಮಲಗುವ ಮೊದಲು 5 ನಿಮಿಷ, ಅರ್ಧ ಜನ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದರು, ಉಳಿದವರು ಮಾಡಿ ಮುಗಿಸಿದ್ದನ್ನು ಬರೆದರು. ಬಾಕಿ ಕೆಲಸ ಬರೆದವರಿಗೆ ಸರಾಸರಿ 9 ನಿಮಿಷ ಬೇಗ ನಿದ್ದೆ ಹತ್ತಿತು. ಪಟ್ಟಿ ಎಷ್ಟು ವಿವರವಾಗಿತ್ತೋ ಅಷ್ಟು ಬೇಗ. ಬಾಕಿ ಕೆಲಸ ನೆನಪಿಸಿಕೊಂಡರೆ ಟೆನ್ಶನ್ ಜಾಸ್ತಿಯಾಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವಲ್ಲ, ಆದದ್ದು ಅದರ ಉಲ್ಟಾ. ಕಾಗದದ ಮೇಲೆ ಇಳಿದದ್ದನ್ನು ತಲೆ ಹೊತ್ತುಕೊಂಡಿರಬೇಕಿಲ್ಲ.

ಮೈಯ ಕಡೆಯಿಂದ

ಕಾವಲುಗಾರನಿಗೆ ಮಾತು ಅರ್ಥವಾಗುವುದು ಕಡಿಮೆ. ಮೈಯ ಭಾಷೆ ಅರ್ಥವಾಗುತ್ತದೆ. ಅದರಲ್ಲೂ ಉಸಿರಿನ ಭಾಷೆ. ಎದೆಬಡಿತವನ್ನು ನಾವು ನೇರವಾಗಿ ನಿಧಾನಿಸಲಾಗದು, ಉಸಿರನ್ನು ನಿಧಾನಿಸಬಹುದು. ಉಸಿರು ಒಳಗೆಳೆದಾಗ ಎದೆಬಡಿತ ಸ್ವಲ್ಪ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಮಿದುಳಿನಿಂದ ಎದೆ, ಹೊಟ್ಟೆಯವರೆಗೆ ಹರಡಿರುವ ವೇಗಸ್ ನರದ ಕೆಲಸ ಅದು. ಹಾಗಾಗಿ ಬಿಡುವ ಉಸಿರು ಎಳೆಯುವುದಕ್ಕಿಂತ ಉದ್ದವಿರಲಿ. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಹೀಗೆ ಮಾಡಿದರೆ ನಿಮಿಷಕ್ಕೆ ಸುಮಾರು 6 ಉಸಿರು. ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಳ್ಳಿ, ಆ ಕೈ ಏರಿ ಇಳಿಯುವುದು ತಿಳಿಯಬೇಕು. ಹತ್ತು ನಿಮಿಷ ಸಾಕು.

ಇನ್ನೊಂದು, ಸ್ನಾಯುಗಳನ್ನು ಬಿಗಿದು ಬಿಡುವುದು. ಎಡ್ಮಂಡ್ ಜೇಕಬ್ಸನ್ ಎಂಬ ವೈದ್ಯರು 1920ರ ದಶಕದಲ್ಲಿ ಜನಪ್ರಿಯಗೊಳಿಸಿದ ವಿಧಾನ. ಪಾದದ ಬೆರಳುಗಳನ್ನು ಐದು ಸೆಕೆಂಡ್ ಮುದುಡಿ ಬಿಗಿಹಿಡಿದು, ಒಮ್ಮೆಲೇ ಬಿಡಿ. ಬಿಟ್ಟಾಗ ಆಗುವ ಸಡಿಲವನ್ನು ಗಮನಿಸಿ. ಆಮೇಲೆ ಮೀನಖಂಡ, ತೊಡೆ, ಹೊಟ್ಟೆ, ಮುಷ್ಟಿ, ಭುಜ, ದವಡೆ, ಹಣೆ. ದವಡೆಗೆ ಬಂದಾಗ ತುಂಬಾ ಜನರಿಗೆ ಆಶ್ಚರ್ಯ ಆಗುತ್ತದೆ, ಇಡೀ ದಿನ ಹಲ್ಲು ಕಚ್ಚಿಕೊಂಡೇ ಇದ್ದೆನಾ ಅಂತ. ಒಂದು ಮಾತು ನೆನಪಿರಲಿ. ಇದನ್ನು ನಿದ್ದೆ ಬರಲಿ ಅಂತ ಮಾಡಬೇಡಿ. ಮೈ ಸಡಿಲವಾಗಲಿ ಅಂತ ಮಾಡಿ. "ಬಂತಾ? ಇನ್ನೂ ಬರಲಿಲ್ವಾ?" ಅಂತ ನೋಡುತ್ತಾ ಮಾಡಿದರೆ ಅದೂ ಒಂದು ಪರೀಕ್ಷೆಯೇ ಆಗುತ್ತದೆ.

ಬೆಚ್ಚಗಿನ ನೀರಿನ ಸ್ನಾನವೂ ಉಪಯುಕ್ತ. ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು ಮಾಡಿದರೆ ಚರ್ಮಕ್ಕೆ, ಕೈಕಾಲಿಗೆ ರಕ್ತ ಹೆಚ್ಚು ಹರಿದು, ಒಳಗಿನ ಬಿಸಿ ಹೊರಹೋಗುತ್ತದೆ. ಮದ್ಯ ಮಾತ್ರ ಬೇಡ. ಬೇಗ ನಿದ್ದೆ ಹತ್ತಿಸಿದ ಹಾಗೆ ಮಾಡಿ, ರಾತ್ರಿಯ ಎರಡನೇ ಅರ್ಧವನ್ನು ಚೂರುಚೂರು ಮಾಡುತ್ತದೆ.

ಮೊಬೈಲ್ ಬಗ್ಗೆ ಎಲ್ಲರೂ ಅದರ ನೀಲಿ ಬೆಳಕು ನಿದ್ದೆ ಕೆಡಿಸುತ್ತದೆ ಅನ್ನುತ್ತಾರೆ. ಬೆಳಕಿಗಿಂತ ಅದರೊಳಗೆ ಬರುವ ಸುದ್ದಿ, ವಾದ, ಆಫೀಸಿನ ಮೆಸೇಜ್ ಕಾವಲುಗಾರನನ್ನು ಹೆಚ್ಚು ಕೆರಳಿಸುತ್ತದೆ ಅಂತ ನನಗೆ ಅನ್ನಿಸುತ್ತದೆ. ಮೊಬೈಲ್ ಬೇರೆ ಕೋಣೆಯಲ್ಲಿ ಚಾರ್ಜಿಗೆ ಇಟ್ಟರೆ ಎರಡು ಲಾಭ. ರಾತ್ರಿ ಟೈಮ್ ನೋಡುವುದೂ ತಪ್ಪುತ್ತದೆ. ಗಡಿಯಾರ ಇದ್ದರೆ ಗೋಡೆಯ ಕಡೆ ತಿರುಗಿಸಿಡಿ. ಟೈಮ್ ಗೊತ್ತಾಗದಿದ್ದರೆ ಲೆಕ್ಕ ಹಾಕಲು ಬರುವುದಿಲ್ಲ.

ಹಗಲಿನ ಕೆಲಸವೂ ಇದೆ. ಬೆಳಿಗ್ಗೆ ಹೊರಗಿನ ಬೆಳಕಿನಲ್ಲಿ ಅರ್ಧ ಗಂಟೆ ನಡೆದರೆ ಗಡಿಯಾರ ಗಟ್ಟಿಯಾಗುತ್ತದೆ. ಮೋಡ ಮುಸುಕಿದ ದಿನದಲ್ಲೂ ಹೊರಗಿನ ಬೆಳಕು ಒಳಗಿನ ದೀಪಕ್ಕಿಂತ ಎಷ್ಟೋ ಪಾಲು ಹೆಚ್ಚು. ಕೆಲಸದ ನಡುವೆ ಗಂಟೆಗೊಮ್ಮೆ ಎರಡು ನಿಮಿಷ ಎದ್ದು, ಭುಜ ಸಡಿಲಿಸಿ, ಉದ್ದ ಉಸಿರು ಬಿಟ್ಟರೆ ರಾತ್ರಿಗೆ ಇಳಿಸಬೇಕಾದ ಹೊರೆಯೇ ಕಡಿಮೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಓಡಿ, ದೀಪ ಆರಿಸಿದ ಕ್ಷಣಕ್ಕೆ ನಿಲ್ಲು ಅಂದರೆ ಮೈ ನಿಲ್ಲುವುದಿಲ್ಲ.

ಯಾವಾಗ ವೈದ್ಯರ ಬಳಿ

ವಾರಕ್ಕೆ 3 ರಾತ್ರಿ ಅಥವಾ ಹೆಚ್ಚು, 3 ತಿಂಗಳಿಂದ ನಿದ್ದೆ ಕೆಡುತ್ತಿದ್ದು ಹಗಲಿನ ಬದುಕಿಗೂ ಪೆಟ್ಟಾಗುತ್ತಿದ್ದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಅನ್ನುತ್ತಾರೆ. ಆಗ ಒಬ್ಬರೇ ಒದ್ದಾಡುವುದು ಬೇಡ. ಮೇಲೆ ಹೇಳಿದ ವಿಧಾನಗಳನ್ನೆಲ್ಲ ಸೇರಿಸಿ ರೂಪಿಸಿದ ಚಿಕಿತ್ಸೆಗೆ ಸಿಬಿಟಿ-ಐ, ಅಂದರೆ ನಿದ್ರಾಹೀನತೆಗೆ ಕೊಡುವ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ (ಯೋಚನೆ ಮತ್ತು ಅಭ್ಯಾಸಗಳನ್ನು ಬದಲಿಸುವ ಚಿಕಿತ್ಸೆ) ಅನ್ನುತ್ತಾರೆ. ಸಾಮಾನ್ಯವಾಗಿ 6ರಿಂದ 8 ಭೇಟಿಗಳು. ದೀರ್ಘಕಾಲದ ನಿದ್ರಾಹೀನತೆ ಇರುವ ವಯಸ್ಕರಿಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕು ಅಂತ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ವೈದ್ಯರ ಸಂಸ್ಥೆ 2016ರಲ್ಲಿ ಶಿಫಾರಸು ಮಾಡಿತು. ನಿದ್ದೆ ಮಾತ್ರೆಗಳಿಗೂ ಜಾಗವಿದೆ, ವೈದ್ಯರು ಹೇಳಿದಷ್ಟು ದಿನ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ.

ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಎಂಟು ಗಂಟೆ ಮಲಗಿದರೂ ಹಗಲು ತೂಕಡಿಕೆ, ಮಲಗಿದಾಗ ಕಾಲು ಅಲ್ಲಾಡಿಸಲೇಬೇಕು ಅನ್ನಿಸುವ ಚಡಪಡಿಕೆ ಇದ್ದರೆ ಕಾರಣ ಒತ್ತಡವೇ ಆಗಿರಬೇಕಿಲ್ಲ. ತೋರಿಸಿ. ಯಾವುದರಲ್ಲೂ ಆಸಕ್ತಿ ಇಲ್ಲ, ಬದುಕು ಬೇಡ ಅನ್ನಿಸುತ್ತಿದ್ದರೆ ನಾಳೆ ಅನ್ನಬೇಡಿ, ಇವತ್ತೇ ಯಾರಿಗಾದರೂ ಹೇಳಿ.

ಇದೆಲ್ಲ ಶುರುಮಾಡಿದ ಮೊದಲ ಒಂದೆರಡು ವಾರ ಮೊದಲಿಗಿಂತ ಕಷ್ಟ ಅನ್ನಿಸಬಹುದು. ಅಷ್ಟರಲ್ಲೇ ಬಿಟ್ಟುಬಿಡುವವರು ಜಾಸ್ತಿ. ಚೆನ್ನಾಗಿ ಮಲಗುತ್ತಿದ್ದ ಎರಡು ತಿಂಗಳ ನಡುವೆ ಒಂದು ರಾತ್ರಿ ಮತ್ತೆ ಕೆಡುತ್ತದೆ. ನನಗೂ ಕೆಡುತ್ತದೆ. ಮೊದಲಾದರೆ ಮರುದಿನ ರಜೆ ಹಾಕಿ, ಮಧ್ಯಾಹ್ನ ಮಲಗಿ, ಸಂಜೆಯಿಂದಲೇ ರಾತ್ರಿಗೆ ಹೆದರುತ್ತಿದ್ದೆ. ಈಗ 6:30ಕ್ಕೆ ಎದ್ದು ಪರದೆ ಸರಿಸುತ್ತೇನೆ. ಕಣ್ಣು ಉರಿಯುತ್ತಿರುತ್ತದೆ. ಚಪ್ಪಲಿ ಹಾಕಿಕೊಂಡು ಹೊರಗೆ ಹೋಗುತ್ತೇನೆ. ಅವತ್ತು ರಾತ್ರಿ ಸಿಗುವ ನಿದ್ದೆಗೆ ಹಸಿವು ಆಗಲೇ ಸೇರಲು ಶುರುವಾಗಿರುತ್ತದೆ.